ಫಾರ್ಮು ತುಂಬುವವಳು

ಸೆಕೊಂಡಿ ಬಂದರಿನ ಅಂಚೆಕಚೇರಿ ಎದುರು
ಹಡಗಿನಿಂದಿಳಿದು ಮತ್ತೆ ಹತ್ತದೆ ಉಳಿದ ನೀಲಿ ಕಂಟೇನರು,
ಅದರೊಳಗೆ ನನ್ನ ಅಂಗಡಿ.
ಜೆರಾಕ್ಸು, ಲ್ಯಾಮಿನೇಶನ್ನು, ಸಾವಿನ ಪೋಸ್ಟರು,
ಈ ಎರಡು ತಿಂಗಳು ಮಾತ್ರ ಕಾಲೇಜಿನ ಫಾರ್ಮು.

ಓದುವವರು ಅವರು, ಒತ್ತುವವಳು ನಾನು.
ಮೊದಲ ಆಯ್ಕೆ, ಎರಡನೆಯದು, ಮೂರನೆಯದು:
ಮೂರೇ ಚೌಕ.
ಪಕ್ಕದ ಬಾಣ ಒತ್ತಿದರೆ ಸಾಕು,
ಬಟ್ಟೆಯಂಗಡಿಯವಳು ಥಾನು ಉರುಳಿಸಿದ ಹಾಗೆ
ಬಿಚ್ಚಿಕೊಳ್ಳುತ್ತ ಹೋಗುತ್ತದೆ ಪಟ್ಟಿ.
ಹದಿನೆಂಟರ ಮಕ್ಕಳು ಅಂಚು ಮುಟ್ಟಿ ನೋಡುತ್ತಾರೆ,
ಬೆಲೆ ಕೇಳಲು ನಾಚುತ್ತಾರೆ.

ಹೋದ ವರ್ಷ ಪಾದ್ರಿ ಡಾಡ್ಜಿ ಮಗನನ್ನು ಕರೆತಂದು
ಮೂರು ಚೌಕಕ್ಕೂ ಒಂದೇ ಮಾತು ಹೇಳಿದರು: ವೈದ್ಯಕೀಯ.
ಒಂದನ್ನೇ ಮೂರು ಸಲ ಹಾಕಿದರೆ ಯಂತ್ರ ಒಪ್ಪುವುದಿಲ್ಲ ಎಂದೆ.
ಯಂತ್ರಕ್ಕೆ ನಂಬಿಕೆ ಕಡಿಮೆ ಎಂದರು.
ಸಂಜೆ ಬಾಗಿಲು ಎಳೆಯುವಾಗ ಹುಡುಗನೊಬ್ಬನೇ ಬಂದ.
ಬೆವರಿದ ನಾಣ್ಯ ಎಣಿಸಿಟ್ಟು,
'ಮೇಲಿನದು ತೆಗೆಯಿರಿ, ಭೂಮಾಪನ ಹಾಕಿ' ಅಂದ.
ಯಾಕಪ್ಪಾ?
'ಅಜ್ಜಿಯ ಹೊಲದ ಗಡಿಕಲ್ಲು ವರ್ಷಕ್ಕಿಷ್ಟು ನಡೆಯುತ್ತದೆ,
ಒಮ್ಮೆ ಅಳೆದು ನಿಲ್ಲಿಸಬೇಕು.'
ಮರುದಿನ ಪಾದ್ರಿ ಪ್ರತಿ ಕೇಳಿದರು.
ಹಳೆಯದನ್ನೇ ಮುದ್ರಿಸಿ ಕೊಟ್ಟೆ,
ಅದಕ್ಕೊಂದು ಸೆಡಿಯನ್ನೂ ಇಸಿದುಕೊಂಡೆ.
ದೇವರ ಲೆಕ್ಕದಲ್ಲಿ ಅದಿನ್ನೂ ಬಾಕಿ.

ಈ ಸಲ ಅರಾಬಾ ಕ್ವೇಸನ್.
ಮೀನು ಹೊಗೆಗಿಡುವ ಮನೆಯವಳು,
ಕೂತು ಎದ್ದರೆ ಕುರ್ಚಿಗೂ ಹೊಗೆವಾಸನೆ.
ಪಟ್ಟಿಯ ಒಂದೊಂದು ಹೆಸರಿಗೂ ಬೆರಳಿಟ್ಟು ಕೇಳಿದಳು:
'ಇವರು ಬೆಳಿಗ್ಗೆ ಎದ್ದು ಏನು ಮಾಡುತ್ತಾರೆ?'

ಹನ್ನೊಂದು ವರ್ಷದಿಂದ ಒತ್ತುತ್ತಿದ್ದೇನೆ
ಬಯೋಕೆಮಿಸ್ಟ್ರಿ, ಆಕ್ಚುಯೇರಿಯಲ್ ಸೈನ್ಸು;
ಕಣ್ಣು ಮುಚ್ಚಿದರೂ ಒಂದಕ್ಷರ ತಪ್ಪುವುದಿಲ್ಲ.
ಅವರು ಬೆಳಿಗ್ಗೆ ಎದ್ದು ಏನು ಮಾಡುತ್ತಾರೋ
ನಾನೇನು ಕಂಡೆ?

ಅಂಗಡಿಗೆ ಬಂದವರನ್ನೆಲ್ಲ ತಡೆದು ಕೇಳಿದೆವು.
ಔಷಧದಂಗಡಿಯ ಒಟೂ: 'ನಿಲ್ಲುತ್ತೇನೆ, ಮಂಡಿ ನೋಯುವ ತನಕ.'
ಬ್ಯಾಂಕಿನವನು: 'ಬೇರೆಯವರ ದುಡ್ಡಿಗೆ ನಮಸ್ಕಾರ ಹೇಳುತ್ತೇನೆ.'
ಬಂದರಿನ ತಪಾಸಣೆಯ ಹೆಂಗಸು:
'ಮಧ್ಯಾಹ್ನದವರೆಗೆ ಮೀನಿನ ಕಿವಿರು, ಆಮೇಲೆ ಬರೀ ಸಹಿ.
ಕಿವಿರಿನ ಹೊತ್ತು ಚೆನ್ನಾಗಿರುತ್ತದೆ.'
ಮೇಷ್ಟ್ರು ಎಬೊ ಏನೂ ಹೇಳಲಿಲ್ಲ.
ಬಹಳ ಹೊತ್ತು ನಕ್ಕು, ಚಿಲ್ಲರೆ ಮರೆತು ಹೋದರು.

ಅರಾಬಾ ಎಲ್ಲ ಬರೆದುಕೊಂಡಳು, ಮೀನು ಸುತ್ತುವ ಕಾಗದದ ಮೇಲೆ.
ಆಮೇಲೆ, ತಗ್ಗಿದ ದನಿಯಲ್ಲಿ:
'ಹೊಗೆಗೆ ಯಾವ ಓದು?'

ಅಮ್ಮನ ಕೆಮ್ಮಿನ ಸುದ್ದಿ ಎತ್ತಲಿಲ್ಲ.
ಬೀದಿಗೆಲ್ಲ ಗೊತ್ತು.

ಹುಡುಕಿದೆವು. ಹೊಗೆ ಅಂತ ಪಟ್ಟಿಯಲ್ಲಿಲ್ಲ.
ಎದೆಯೊಳಗೆ ಹೋಗಿದ್ದರೆ ವೈದ್ಯಕೀಯ,
ಅದರೊಳಗೇನಿದೆ ಅಂದರೆ ರಸಾಯನ,
ಒಲೆಯನ್ನೇ ಬದಲಿಸುವುದಾದರೆ ಇಂಜಿನಿಯರಿಂಗು,
ಮೀನು ಕೆಡಬಾರದು ಅಂದರೆ ಆಹಾರ ವಿಜ್ಞಾನ.
ಒಂದು ಒಲೆಯ ಹೊಗೆಗೆ ನಾಲ್ಕು ಪಾಲುದಾರರು.
ಚೌಕ ಮೂರು.

ಅಷ್ಟರಲ್ಲಿ ಕರೆಂಟು ಹೋಯಿತು.
ಕಾದ ಕಬ್ಬಿಣದ ಕತ್ತಲಲ್ಲಿ ಇಬ್ಬರೇ ಕೂತೆವು,
ಪರದೆಯಿದ್ದ ಕಡೆಗೇ ಮುಖ ಮಾಡಿ.
'ನೀವೇನು ಹಾಕಿದ್ದಿರಿ, ಮೇಡಂ?'
ನಮ್ಮ ಕಾಲಕ್ಕೆ ಚೌಕ ಇರಲಿಲ್ಲ ಎಂದೆ.
ಸುಳ್ಳು.
ಇತ್ತು; ಅದರಲ್ಲಿ ತಮ್ಮನ ಹೆಸರು ಬರೆದರು.

ಕರೆಂಟು ಬಂತು.
'ಮೊದಲು ಒಲೆ' ಅಂದಳು. 'ಆಮೇಲೆ, ಒಳಗೇನಿದೆ ಅನ್ನೋದು.'
ಮೂರನೆಯದಕ್ಕೆ ಬೆರಳು ಮೇಲೆ ಕೆಳಗೆ ಅಲೆದು ಅಲೆದು
'ಕಿವಿರಿನ ಹೊತ್ತು' ಎಂದು ನಕ್ಕುಬಿಟ್ಟಳು.
ಅದಕ್ಕೆ ಕಾಲೇಜು ಇಟ್ಟ ಹೆಸರು ಹುಡುಕಿ ಹಾಕಿದೆ.

ಪ್ರಿಂಟಿಗೆ ದುಡ್ಡು ಬೇಡ ಅಂದೆ.
ಕೊಟ್ಟೇ ಹೋದಳು.
ಇವತ್ತಿಗೂ ಗಲ್ಲಾ ತೆರೆದರೆ ಸಾಕು,
ಉಳಿದ ನೋಟುಗಳಿಗೂ ಹತ್ತಿಕೊಂಡಿದೆ ವಾಸನೆ.